ಮಳೆ ಓಡಿಸೋ ಕೋಟು

ಮಳೆಕೋಟಿನ ವಿಷಯ ಬರೀತೀನಿ ಅಂದಾಗ ಮಗಳ ಮಗಳು ನಕ್ಕಳು. “ಅಜ್ಜಿ, ನಮ್ಮೂರಲ್ಲಿ ಕೂತ್ಕೊಂಡು ಮಳೆಕೋಟಾ? ಅದರ ಬದಲು ಹಡಗಿನ ವಿಷಯ ಬರಿ” ಅಂದಳು. ನಗಲಿ. ಅವಳ ಹತ್ತಿರವೂ ಒಂದಿದೆ, ಸ್ಕೂಟರಿನ ಡಿಕ್ಕಿಯಲ್ಲಿ ಮುದುರಿಕೊಂಡು ಬಿದ್ದಿರುತ್ತೆ. ಹೋಟೆಲಿನವರು ಸಾಂಬಾರು ಕಟ್ಟಿಕೊಡುವ ಕವರಿಗೆ ಎರಡು ತೋಳು ಅಂಟಿಸಿದ ಹಾಗೆ. ಹಾಕಿಕೊಂಡರೆ ಒಳಗೆ ಬೆವರು, ಹೊರಗೆ ಮಳೆ, ಯಾವುದರಿಂದ ನೆಂದೆ ಅಂತ ಅವಳಿಗೇ ತಿಳಿಯಲ್ಲ. ಅದು ಮಳೆಕೋಟು ಅಂದರೆ ನಾನು ಒಪ್ಪಲ್ಲ. ನನ್ನದು ಕೋಟಾಗಿತ್ತು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿಗೆ ಮಳೆ ಅನ್ನೋದು ದೊಡ್ಡಮನೆ ನೆಂಟರ ಹಾಗೆ. ಬರ್ತೀವಿ ಅಂತ ಹೇಳಿ ಕಳಿಸ್ತಾರೆ. ನಾವು ಅಂಗಳ ಗುಡಿಸಿ ಕಾಯ್ತೀವಿ. ಬೆಟ್ಟದ ತನಕ ಬಂದು ಇನ್ಯಾರದೋ ಮನೆ ಕಡೆ ತಿರುಗಿಕೊಂಡು ಹೋಗ್ತಾರೆ. ಇಂಥಾ ಕಡೆ ಮಳೆಗೆ ಅಂತಲೇ ಬೇರೆ ಬಟ್ಟೆ ಯಾರು ಹೊಲಿಸ್ತಾರೆ?

ನಾನು ಹುಟ್ಟಿದ ಮನೆಯಲ್ಲಿ ಕುರಿ ಇದ್ದವು, ಆದ್ದರಿಂದ ಕಂಬಳಿ ಇತ್ತು. ಕಂಬಳಿಯ ಒಂದು ತುದಿ ಒಳಕ್ಕೆ ಮಡಚಿ ತಲೆ ಮೇಲೆ ಇಳಿಬಿಟ್ಟರೆ ಅದೇ ಕೊಪ್ಪೆ. ನಮ್ಮಪ್ಪ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಹಿಂದೆ ನಿಂತರೆ ಯಾವುದು ಕುರಿ ಯಾವುದು ಅಪ್ಪ ಅಂತ ದೂರದಿಂದ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ವಾಸನೆಯಿಂದಲೂ ಗೊತ್ತಾಗುತ್ತಿರಲಿಲ್ಲ. ಆ ಕಂಬಳಿ ಸಣ್ಣ ಮಳೆಗೆ ಜಗ್ಗುತ್ತಿರಲಿಲ್ಲ. ಜೋರು ಮಳೆಯಾದರೆ ಮಾತ್ರ ಇಡೀ ಕೆರೆಯನ್ನೇ ಕುಡಿದು ಹೆಗಲ ಮೇಲೆ ಕೂರುತ್ತಿತ್ತು. ಅದೂ ಗಂಡಸರಿಗೆ. ಹೆಂಗಸರಿಗೆ ಗೋಣಿಚೀಲ.

ಮದುವೆಯಾಗಿ ದೊಡ್ಡೇರಿ ಹೋಬಳಿಯ ಈ ಊರಿಗೆ ಬಂದೆ. ಅಷ್ಟು ಹೊತ್ತಿಗೆ ಗೋಣಿ ಹೋಗಿ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದಿತ್ತು. ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತಳ್ಳಿದರೆ ತಲೆಗೆ ಟೋಪಿ, ಬೆನ್ನಿಗೆ ಮರೆ. ಮುಂದೆ ಏನೂ ಇಲ್ಲ. ಮಳೆ ಹಿಂದಿನಿಂದ ಮಾತ್ರ ಬರುತ್ತೆ ಅಂತ ಯಾರು ತೀರ್ಮಾನ ಮಾಡಿದ್ದರೋ. ಊರ ಹೆಂಗಸರೆಲ್ಲ ಬೆನ್ನ ಮೇಲೆ ಯೂರಿಯಾ ಅಂತ ಬರೆಸಿಕೊಂಡು ಕಳೆ ಕೀಳಲು ಹೋಗುತ್ತಿದ್ದೆವು. ಕೆಳಗೆ ಸಣ್ಣ ಅಕ್ಷರದಲ್ಲಿ, ಮೂಟೆ ಎತ್ತುವ ಹಮಾಲಿಗಳಿಗೆ, “ಕೊಕ್ಕೆ ಬಳಸಬೇಡಿ” ಅಂತಲೂ ಇರುತ್ತಿತ್ತು. ನಾಲ್ಕನೇ ಕ್ಲಾಸು ಓದಿದ ನಾನು ಅದನ್ನು ಓದಿ ಹೇಳಿದಾಗ ಎಲ್ಲರೂ ಹೊಲದಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಬಹಳ ದಿನ ನನ್ನ ನಾದಿನಿ ತನ್ನ ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ “ಕೊಕ್ಕೆ ಬಳಸಬ್ಯಾಡ, ದೂರ ನಿಂತ್ಕೊ” ಅನ್ನುತ್ತಿದ್ದಳು.

ಕೋಟು ಬಂದದ್ದು ನನಗೆ ಸೊಸೆ ಬರುವಷ್ಟು ವಯಸ್ಸಾದ ಮೇಲೆ. ನಮ್ಮಣ್ಣ ಪಾವಗಡದ ಕಡೆ ಕರೆಂಟು ಕಂಬ ಹತ್ತುವ ಕೆಲಸದಲ್ಲಿದ್ದ. ಕೆಲಸಕ್ಕೆ ಅಂತ ಅವನಿಗೆ ಒಂದು ಮಳೆಕೋಟು ಕೊಟ್ಟಿದ್ದರು. ಪಾವಗಡದಲ್ಲಿ ಕಂಬ ಹತ್ತುವವನಿಗೆ ಮಳೆಕೋಟು! ಬಿಸಿಲಿಗೆ ಕಂಬ ಮುಟ್ಟಿದರೆ ಅಂಗೈ ಸುಡುವ ಊರದು. ಅವನು ಅದರ ಮಡಿಕೆಯನ್ನೂ ಬಿಚ್ಚದೆ ಟ್ರಂಕಿನಲ್ಲಿಟ್ಟು, ಕೆಲಸದಿಂದ ನಿವೃತ್ತಿಯಾದ ವರ್ಷ ಗೌರಿ ಹಬ್ಬಕ್ಕೆ ಬಾಗಿನದ ಜೊತೆ ನನಗೆ ತಂದುಕೊಟ್ಟ.

ನಮ್ಮತ್ತೆ ಸೀರೆ ಇರಬಹುದು ಅಂತ ಕತ್ತು ಉದ್ದ ಮಾಡಿ ನೋಡಿದರು. “ಇದೇನಪ್ಪ, ಎಮ್ಮೆ ಚರ್ಮ ತಂದಿದ್ದೀಯಲ್ಲ ತಂಗಿಗೆ?” ಅಂದರು.

ಅಣ್ಣನ ಜೊತೆ ಬಂದಿದ್ದ ಅತ್ತಿಗೆಯ ತವರು ಆಂಧ್ರದ ಗಡಿ. ಅವಳ ಮಾತಿನಲ್ಲಿ ಅರ್ಧ ತೆಲುಗು. “ಏಮಿ ಚೇಸೇದಮ್ಮ, ಮಾ ಊರಲ್ಲಿ ವಾನೇ ಲೇದು. ಇಲಿ ಮರಿ ಹಾಕ್ತದೆ ಅಂತ ನಿಮಗೇ ತಂದ್ವಿ” ಅಂದಳು. ವಾನ ಅಂದರೆ ಮಳೆ. ಪಾವಗಡದಲ್ಲಿ ಅದಕ್ಕೆ ಎರಡು ಭಾಷೆಯಲ್ಲಿ ಹೆಸರಿದೆ. ಯಾವ ಹೆಸರಿನಿಂದ ಕರೆದರೂ ಬರಲ್ಲ.

ಎಮ್ಮೆ ಚರ್ಮ ಅಂತ ಅತ್ತೆ ಅಂದದ್ದು ಪೂರ್ತಿ ಸುಳ್ಳಲ್ಲ. ಕಪ್ಪಗೆ, ದಪ್ಪಗೆ, ಹೊಸ ಟ್ಯೂಬಿನ ವಾಸನೆ. ಗಂಡಸರ ಅಳತೆ, ನನಗೆ ಪಾದದ ತನಕ ಬರುತ್ತಿತ್ತು. ಕುತ್ತಿಗೆಯಿಂದ ಮೊಣಕಾಲ ತನಕ ಟಿಚ್ ಬಟನ್ನು. ತಲೆಗೊಂದು ಟೋಪಿ. ಅದರಲ್ಲಿ ತುರುಬೂ ಸೇರಿ ಜಾಗ ಉಳಿಯುತ್ತಿತ್ತು. ಆಮೇಲೆ ಎರಡು ಕಡೆ ಎರಡು ಜೇಬು. ಕೈ ಇಳಿಬಿಟ್ಟರೆ ಮೊಣಕೈ ತನಕ ಒಳಗೆ ಹೋಗುವ ಜೇಬು. ಸೀರೆ ಉಟ್ಟವರಿಗೆ ಕೈ ಇಟ್ಟುಕೊಳ್ಳಲು ಜಾಗವೇ ಇರಲ್ಲ ಅಂತ ನನಗೆ ಅವತ್ತಿನವರೆಗೂ ಹೊಳೆದಿರಲಿಲ್ಲ. ನಮ್ಮ ಕೈ ಯಾವಾಗಲೂ ಏನಾದರೂ ಹಿಡಿದೇ ಇರಬೇಕು, ಇಲ್ಲದಿದ್ದರೆ ಸೊಂಟದ ಮೇಲಿರಬೇಕು. ಸೊಂಟದ ಮೇಲಿದ್ದರೆ ಜಗಳಕ್ಕೆ ನಿಂತಿದ್ದಾಳೆ ಅಂತಾರೆ.

ಆ ವರ್ಷ ನಮ್ಮ ಪುಣ್ಯ, ಹಬ್ಬ ಕಳೆದ ಮೇಲೆ ಒಳ್ಳೆ ಮಳೆ. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವುದು ನನ್ನ ಕೆಲಸ. ಮೊದಲ ದಿನ ಕೋಟು ಹಾಕಿಕೊಂಡು, ಬಟನ್ನುಗಳನ್ನು ಕೆಳಗಿನಿಂದ ಮೇಲಕ್ಕೆ ಟಿಕ್ ಟಿಕ್ ಅಂತ ಒತ್ತಿಕೊಂಡು ಬೀದಿಗಿಳಿದೆ. ಟೋಪಿ ಮೇಲೆ ಮಳೆ ಬೀಳುವ ಸದ್ದು ಇದೆಯಲ್ಲ, ಅದು ತಗಡಿನ ಮನೆಯೊಳಗೆ ಒಬ್ಬಳೇ ಕೂತ ಹಾಗಿತ್ತು. ಮೈ ಬೆಚ್ಚಗೆ. ಎದುರಿಗೆ ನೀರು ಇಳಿಯುತ್ತಿರುತ್ತೆ, ನನಗೇನೂ ಸಂಬಂಧವಿಲ್ಲ. ನನ್ನ ಜೀವಮಾನದಲ್ಲಿ ಮನೆಯಿಂದ ಹೊರಗಿದ್ದು ಮನೆಯೊಳಗಿದ್ದ ಹಾಗಿದ್ದದ್ದು ಅದೇ ಮೊದಲು. ಅತ್ತೆ ಇರುವ ಮನೆಯಲ್ಲಿ ಮನೆಯೊಳಗಿದ್ದೂ ಹಾಗಿರಲಿಲ್ಲ ಅನ್ನುವುದು ಬೇರೆ ವಿಷಯ.

ಇನ್ನೊಂದು ಸುಖ ಏನೆಂದರೆ, ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಕೆರೆ ಏರಿ ಮೇಲೆ ಎದುರಾದ ಗಂಡಸೊಬ್ಬ “ನಮಸ್ಕಾರ ಸಾ” ಅಂದು ದಾರಿ ಬಿಟ್ಟ. ಕೋಟಿಗೆ ನಮಸ್ಕಾರ ಮಾಡಿದ, ಒಳಗಿದ್ದವಳು ತಗೊಂಡೆ. ಅದೇ ಮನುಷ್ಯ ಬಿಸಿಲಿನಲ್ಲಿ ನಾನು ಎದುರಾದರೆ ಬೀಡಿಯನ್ನೂ ಬಾಯಿಂದ ತೆಗೆಯುತ್ತಿರಲಿಲ್ಲ.

ಮಾರನೇ ವರ್ಷ ಮಳೆ ತನ್ನ ಹಳೇ ಚಾಳಿಗೆ ಬಂತು.

ನಮ್ಮೂರಿನ ಒಂದು ಪದ್ಧತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಹುಚ್ಚರ ಕತೆ ಅನ್ನಿಸುತ್ತೆ. ಹೇಳಿದರೂ ಅನ್ನಿಸಬಹುದು. ನಮ್ಮಲ್ಲಿ ಮೋಡ ಕಟ್ಟಿದಾಗ ಮಳೆಗೆ ಸಿದ್ಧವಾಗಬಾರದು. ಛತ್ರಿ ಬಿಚ್ಚಬಾರದು. ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಒಳಗೆ ತರಬಾರದು. ಮಳೆ ಬರುತ್ತೆ ಅಂತ ಬಾಯಲ್ಲಿ ಅನ್ನಲೂ ಬಾರದು. ನಾವು ಕಾಯುತ್ತಿರುವುದು ಗೊತ್ತಾದರೆ ಅದು ಮುನಿಸಿಕೊಂಡು ಹೋಗುತ್ತೆ. ಹಾಗಾಗಿ ತಲೆ ಮೇಲೆ ಮೋಡ ಕಪ್ಪಗಾದಾಗ ಇಡೀ ಊರು ಏನೂ ಗೊತ್ತಿಲ್ಲದ ಹಾಗೆ ಆಕಾಶ ಬಿಟ್ಟು ಬೇರೆ ಎಲ್ಲಾ ಕಡೆ ನೋಡುತ್ತಾ ಕೂರುತ್ತೆ. ಮಳೆ ಬಂದರೆ ಮೆಣಸಿನಕಾಯಿ ಹಾಳಾಗುತ್ತೆ. ಬರದಿದ್ದರೆ ಬೆಳೆ ಹಾಳಾಗುತ್ತೆ. ಒಟ್ಟಿನಲ್ಲಿ ಏನಾದರೂ ಒಂದು ಹಾಳಾಗುವಂತೆ ನಮ್ಮ ಹಿರಿಯರು ಏರ್ಪಾಡು ಮಾಡಿಟ್ಟು ಹೋಗಿದ್ದಾರೆ.

ಕಡ್ಲೆಕಾಯಿ ಗಿಡ ಹೂವಾಗಿ ಕಾಯಿ ಕಟ್ಟುವ ಹೊತ್ತು. ಮಘೆ ಮಳೆ ಬರಲಿಲ್ಲ. ಹುಬ್ಬೆ ಮಳೆ ಬರಲಿಲ್ಲ. ಪುರವರದಲ್ಲಿ ಬಂತು, ದೊಡ್ಡೇರಿಯಲ್ಲಿ ಬಂತು, ನಮ್ಮೂರ ಎಲ್ಲೆಗೆ ಬಂದು ನಿಂತಿತು. ಹೆಂಗಸರು ಬಸ್ಸು ಹತ್ತಿ ಗೊರವನಹಳ್ಳಿಗೆ ಹೋಗಿ ಲಕ್ಷ್ಮಿಗೆ ಕೈಮುಗಿದು ಬಂದರು. ಕೊರಟಗೆರೆಯಲ್ಲಿ ಬಸ್ಸಿನ ಕಿಟಕಿಯಿಂದ ಮಳೆ ಬಡಿದು ಸೀರೆ ಒದ್ದೆಯಾಯಿತು, ಊರು ತಲುಪುವಷ್ಟರಲ್ಲಿ ಒಣಗಿತು. ಪಕ್ಕದ ಮನೆಯ ಹುಡುಗ ಮೊಬೈಲು ಹಿಡಿದು, “ಇವತ್ತು ಎಂಬತ್ತು ಪರ್ಸೆಂಟು ಮಳೆ ಅಂತ ತೋರಿಸ್ತೈತೆ” ಅಂತ ಊರೆಲ್ಲ ಸುತ್ತುತ್ತಿದ್ದ. ಎಂಬತ್ತು ಪರ್ಸೆಂಟಿನಲ್ಲಿ ಒಂದು ಪರ್ಸೆಂಟೂ ನೆಲಕ್ಕೆ ಬೀಳಲಿಲ್ಲ. ಮೊಬೈಲೇ ಬರುತ್ತೆ ಅಂದಮೇಲೆ ಬರಬೇಕಲ್ಲ? ಬರಲಿಲ್ಲ ಅಂದರೆ ಯಾರೋ ತಡೀತಿದ್ದಾರೆ.

ಯಾರು ಅಂತ ಕಂಡುಹಿಡಿದವರು ನಮ್ಮತ್ತೆ. ಮೋಡವಾಗಿದ್ದ ಒಂದು ಸಂಜೆ ನಾನು ಕೋಟು ಹಾಕಿಕೊಂಡು ಡೈರಿಗೆ ಹೋಗಿದ್ದೆ. ಗಾಳಿ ಎದ್ದು ಮೋಡ ಚದುರಿತು. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಹಾಗೇ ಆಯಿತು. ಅತ್ತೆ ನಲ್ಲಿ ಹತ್ತಿರ ಕೂತು, “ನಮ್ ಸೊಸೆ ಆ ಎಮ್ಮೆ ಚರ್ಮ ತಗುಲಾಕ್ಕೊಂಡು ಹೊಂಟ್ಳು, ಮೋಡ ಹೆದರ್ಕೊಂಡು ಹೊಂಟೋಯ್ತು ಕಣಮ್ಮ” ಅಂದರಂತೆ. ತಮಾಷೆಗೆ ಅಂದದ್ದು ಅಂತ ಆಮೇಲೆ ಹೇಳಿದರು. ನಲ್ಲಿ ಹತ್ತಿರ ತಮಾಷೆಗೆ ಅಂದದ್ದು ಯಾವತ್ತು ತಮಾಷೆಯಾಗಿ ಉಳಿದಿದೆ? ಬಿಂದಿಗೆ ತುಂಬಿದಷ್ಟೇ ಬೇಗ ಊರು ತುಂಬಿತು.

ಗುಡಿ ಕಟ್ಟೆಗೆ ನನ್ನನ್ನು ಕರೆಸಿದರು. ಹೆಂಗಸರನ್ನು ಕಟ್ಟೆಗೆ ಕರೆಸುವುದು ನಮ್ಮಲ್ಲಿ ಕಡಿಮೆ, ಆದ್ದರಿಂದ ಒಳ್ಳೆ ಸೀರೆ ಉಟ್ಟುಕೊಂಡೇ ಹೋದೆ. ಊರ ಗೌಡರು ಕಂಬಕ್ಕೊರಗಿ ಕೂತಿದ್ದರು, ಪಕ್ಕದಲ್ಲಿ ಪೂಜಾರಪ್ಪ.

“ನೋಡಮ್ಮ, ಯಾರ್ದೂ ತಪ್ಪಿಲ್ಲ” ಅಂತ ಗೌಡರು ಶುರು ಮಾಡಿದರು. ಈ ಮಾತಿನಿಂದ ಶುರುವಾದರೆ ತಪ್ಪು ಯಾರದು ಅಂತ ಗೊತ್ತಾದ ಹಾಗೆ. “ಆ ಕೋಟನ್ನ ಮಳೆ ಬರೋಗಂಟ ಅಮ್ಮನ ಗುಡೀಲಿ ಇಟ್ಬುಡು. ಅಮ್ಮ ನೋಡ್ಕೊಂತಾಳೆ.”

“ಮಳೆ ಬಂದ್ಮೇಲೆ?”

“ಬಂದ್ಮೇಲೆ ನೀನೇ ಬಂದು ತಗೊಂಡೋಗು, ಯಾರು ಬ್ಯಾಡ ಅಂತಾರೆ.”

“ಅಂದ್ರೆ ಮಳೇಲಿ ನೆಂದ್ಕೊಂಡು ಬಂದು ಮಳೆಕೋಟು ತಗೊಂಡೋಗ್ಬೇಕು.”

ಗೌಡರು ಸ್ವಲ್ಪ ಯೋಚನೆ ಮಾಡಿದರು. “ಅಂಗೇ ಅನ್ಕೊ” ಅಂದರು.

“ಮಳೆಕೋಟು ಮಳೇಲಿ ಹಾಕ್ಕೊಳ್ಳೋದಕ್ಕಲ್ಲ ಅಂತಲೇ ಅಂದ್ಬುಡಿ ಗೌಡ್ರೇ, ಅದಾದ್ರೂ ಒಂದು ಲೆಕ್ಕ.”

“ಬಾಯಿಗೆ ಬಂದಂಗೆ ಆಡ್ಬ್ಯಾಡಮ್ಮ. ಊರೋರ ಕಡ್ಲೆಕಾಯಿ ಒಣಗ್ತೈತೆ.”

“ನಮ್ದೂ ಒಣಗ್ತೈತೆ. ನಾವೇನು ಹೊಲಕ್ಕೆ ಕೋಟು ಹಾಕಿದ್ದೀವಾ?”

ಪೂಜಾರಪ್ಪ ಕಣ್ಣುಮುಚ್ಚಿ, “ಅಮ್ಮನ ಅಪ್ಪಣೆನೂ ಅಂಗೇ ಐತೆ” ಅಂದ. ಅಮ್ಮ ಯಾವಾಗ ಅಪ್ಪಣೆ ಕೊಟ್ಟಳು ಅಂತ ಕೇಳಬೇಕು ಅನ್ನುವಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ನಮ್ಮ ಯಜಮಾನರು. ಕೋಟನ್ನು ಚೆನ್ನಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. “ಹೋಗ್ಲಿ ಬುಡು, ಊರ ಜೊತೆ ಯಾಕೆ” ಅಂದರು. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಒಂದು ಬಟ್ಟೆಯನ್ನೂ ಮಡಚಿದವರಲ್ಲ. ಅವತ್ತು ಮಡಿಕೆ ಅಂಗಡಿಯವರ ಹಾಗೆ ಬಿದ್ದಿತ್ತು.

ಕೋಟು ಗುಡಿಯೊಳಗೆ ಹೋಯಿತು. ಅಮ್ಮನ ಸತ್ತಿಗೆ, ಅಂದರೆ ಉತ್ಸವದ ಛತ್ರಿ, ನೇತುಹಾಕುವ ಗೂಟದ ಪಕ್ಕದ ಗೂಟ ಅದಕ್ಕೆ ಸಿಕ್ಕಿತು. ಮಂಗಳವಾರ ಹೋಗಿ ನೋಡಿದೆ. ಯಾರೋ ಟೋಪಿಗೆ ಕುಂಕುಮ ಇಟ್ಟಿದ್ದರು. ಶುಕ್ರವಾರ ನೋಡಿದೆ, ಹೂವು ಸಿಕ್ಕಿಸಿದ್ದರು. ಹೆಂಗಸೊಬ್ಬಳು ಅದಕ್ಕೂ ಕೈಮುಗಿದು ಆಚೆ ಬಂದಳು. ನನ್ನ ಕಡೆ ನೋಡಲಿಲ್ಲ. ಕೋಟಿಗೆ ಪೂಜೆ, ಕೋಟಿನವಳಿಗೆ ಮುಖ ಸಿಂಡರಿಸುವುದು, ಇದು ಹೇಗೆ ಅಂತ ನನಗೆ ಅರ್ಥವಾಗಲಿಲ್ಲ. ಡೈರಿಯಲ್ಲಿ ಹೆಂಗಸರು ನನ್ನ ಕ್ಯಾನು ಬಂದ ಕೂಡಲೇ ತಮ್ಮ ಕ್ಯಾನುಗಳನ್ನು ಒಂದು ಮೊಳ ಆಚೆ ಜರುಗಿಸಿಕೊಳ್ಳುತ್ತಿದ್ದರು, ನನ್ನ ಹಾಲಿಗೂ ಬರ ಅಂಟಿದೆಯೇನೋ ಅನ್ನುವ ಹಾಗೆ.

ನನಗೆ ಬೇಜಾರಾದದ್ದು ಅದಕ್ಕಲ್ಲ. ಅವರು ಮಾತಾಡದಿದ್ದರೆ ಕಿವಿಗೆ ಆರಾಮ. ಆದರೆ ಆ ಕೋಟು ನನ್ನದು. ಮನೆಯಲ್ಲಿದ್ದ ಪಾತ್ರೆ ಅತ್ತೆಯದು, ಹಸು ಯಜಮಾನರದು, ಓಲೆ ಮಗನ ಮದುವೆಗೆ ಹೋಯಿತು, ಒಳ್ಳೆ ಸೀರೆ ಸೊಸೆ ಕೇಳಿದರೆ ಕೊಡಬೇಕು. ಯಾರಿಗೂ ಸರಿಹೊಂದದ, ಯಾರೂ ಕೇಳದ, ನಾನೊಬ್ಬಳೇ ಹಾಕಿಕೊಳ್ಳುವ ಒಂದು ವಸ್ತು ಇತ್ತು. ಅದನ್ನೂ ಊರು ಕೇಳಿತು. ವಾಪಸು ಬಂದರೂ ಇನ್ನು ಮೇಲೆ ಹಾಕಿಕೊಳ್ಳಲು ಬಿಡುತ್ತಾರಾ ಅನ್ನುವುದೇ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ವಿಷಯ.

ಉತ್ರೆ ಮಳೆ ಹುಟ್ಟಿದ ಮೇಲೆ ಒಂದು ದಿನ ಸಂಜೆ, ಹಾಲು ಹಾಕಿ ಡೈರಿಯಿಂದ ಆಚೆ ಬರುವಾಗ ಮಳೆ ಬಂತು. ಮುನ್ಸೂಚನೆ ಇಲ್ಲ, ಮೊಬೈಲಿನಲ್ಲೂ ತೋರಿಸಿರಲಿಲ್ಲ. ದಪ್ಪ ದಪ್ಪ ಹನಿ. ಊರವರೆಲ್ಲ ಬೀದಿಗೆ ಬಂದು ಮುಖ ಮೇಲೆತ್ತಿ ನಿಂತರು. ನಾನು ಸೀದಾ ಗುಡಿ ದಾರಿ ಹಿಡಿದೆ. ಮೊದಲು ಸೆರಗು ನೆಂದಿತು, ಆಮೇಲೆ ತಲೆ. ಅರಳಿಮರದ ಹತ್ತಿರ ಬರುವಷ್ಟರಲ್ಲಿ ಹಿಂಡಿದರೆ ಬಿಂದಿಗೆ ತುಂಬುವ ಹಾಗಿದ್ದೆ. ಮರದ ಕೆಳಗೆ ಗೌಡರೂ ಇನ್ನೊಂದಷ್ಟು ಜನರೂ ನಿಂತಿದ್ದರು.

ಅಷ್ಟರಲ್ಲಿ ಗುಡಿ ಕಡೆಯಿಂದ ನನ್ನ ಕೋಟು ನಡೆದುಕೊಂಡು ಬಂತು.

ಟೋಪಿ ಹಾಕಿಕೊಂಡು, ಬಟನ್ನು ಒತ್ತಿಕೊಂಡು, ಎರಡೂ ಕೈ ಜೇಬಿನೊಳಗೆ ಇಟ್ಟುಕೊಂಡು, ನಿಧಾನಕ್ಕೆ, ಮಳೆಗೂ ತನಗೂ ಏನೂ ಸಂಬಂಧವಿಲ್ಲ ಅನ್ನುವ ಹಾಗೆ ಬಂತು. ಆ ಸುಖ ನನಗೆ ಗೊತ್ತು, ಆದ್ದರಿಂದ ಇನ್ನೂ ಉರಿಯಿತು.

“ಏನ್ ಪೂಜಾರಪ್ಪ, ಅಮ್ಮನ ಅಪ್ಪಣೆ ಆಯ್ತಾ?” ಅಂದೆ.

ಟೋಪಿಯೊಳಗಿಂದ ಪೂಜಾರಪ್ಪನ ಮುಖ ಹೊರಗೆ ಬಂತು. “ಇಲ್ಲ ಕಣಮ್ಮ, ಮಳೆ ಬಂತಲ್ಲ, ನಿಂದು ನಿಂಗೆ ಕೊಟ್ಬುಡಾಣ ಅಂತ ನಿಮ್ಮನೆ ಕಡೀಕೇ ಹೊಂಟಿದ್ದೆ.”

“ನಮ್ಮನೆ ಆ ಕಡೆ ಐತೆ. ನೀನು ಹೊಂಟಿರೋದು ನಿಮ್ಮನೆ ಕಡೆ.”

“ಮಡಚ್ಕೊಂಡು ಬಂದ್ರೆ ಮಡಿಕೇಲಿ ನೀರು ನಿಂತು ಹಾಳಾಯ್ತದೆ ಅಂತ ತೊಟ್ಕೊಂಡೆ. ನಿನ್ ಒಳ್ಳೇದಕ್ಕೇ ಕಣಮ್ಮ.”

“ಬಿಚ್ಚು.”

“ಇಲ್ಲೇನಾ? ಮಳೇಲಾ? ಶೀತ ಆಯ್ತದೆ.”

“ಅಮ್ಮ ನೋಡ್ಕೊಂತಾಳೆ, ಬಿಚ್ಚು.”

ಮರದ ಕೆಳಗಿದ್ದವರು ಕಿಸಕ್ಕನೆ ನಕ್ಕರು. ಪೂಜಾರಪ್ಪ ಒಂದೊಂದೇ ಬಟನ್ನು ಬಿಚ್ಚಿದ. ಕೊಟ್ಟು, ತಲೆ ಮೇಲೆ ಎರಡೂ ಕೈ ಇಟ್ಟುಕೊಂಡು ಮರದಡಿಗೆ ಓಡಿದ. ಕೋಟು ನನ್ನ ಕೈಗೆ ಬಂತು. ಒಳಗೆ ಇನ್ನೂ ಬೆಚ್ಚಗಿತ್ತು.

ಇನ್ನೇನು ತೋಳಿಗೆ ಕೈ ಹಾಕಬೇಕು, ಗೌಡರು ಕೂಗಿದರು: “ಹಾಕ್ಬ್ಯಾಡ ಕಣಮ್ಮ! ನಿಂಗೆ ಕೈ ಮುಗೀತೀನಿ. ಈಗಿನ್ನೂ ಬಂದೈತೆ. ಕೆರೆಗೆ ಒಂದಿಷ್ಟು ನೀರಿಳೀಲಿ.”

ಯಾರೋ ಹೆಂಗಸು ಸೇರಿಸಿದಳು, “ಅಕ್ಕ, ಕೈಯಲ್ಲಿ ಇಟ್ಕೊಂಡು ಮನೀಗೋಗು ಅಕ್ಕ. ಹೆಂಗಿದ್ರೂ ನೆಂದಿದ್ದೀಯ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಲೆ ಮಳೆ ಸುರೀತಿದೆ, ಕೈಯಲ್ಲಿ ಮಳೆಕೋಟಿದೆ, ಹಾಕಿಕೊಳ್ಳಬಾರದು. ಪೂಜಾರಪ್ಪ ಗುಡಿಯಿಂದ ಮರದ ತನಕ ಹಾಕಿಕೊಂಡು ಬಂದಾಗ ಯಾವ ಮಳೆಯೂ ನಿಲ್ಲಲಿಲ್ಲ, ಅದನ್ನು ಯಾರೂ ಕಾಣಲಿಲ್ಲ. ಕೆರೆ ತುಂಬುವುದು ಬಿಡುವುದು ನನ್ನ ಬಟನ್ನಿನ ಮೇಲೆ ನಿಂತಿದೆ ಅಂತ ಇಡೀ ಊರಿಗೆ ಖಾತ್ರಿ. ಒಂದು ಕ್ಷಣ ನನಗೂ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಹೊಲವೂ ಒಣಗಿತ್ತಲ್ಲ.

ಹಾಕಿಕೊಂಡೆ. ಟಿಕ್ ಟಿಕ್ ಅಂತ ಕೆಳಗಿನಿಂದ ಮೇಲಕ್ಕೆ ಒಂದನ್ನೂ ಬಿಡದೆ ಒತ್ತಿದೆ. ಟೋಪಿ ಎಳೆದುಕೊಂಡೆ. ನಡೆದೆ.

ನಮ್ಮ ಮನೆ ತಿರುವಿಗೆ ಬರುವಷ್ಟರಲ್ಲಿ ಮಳೆ ನಿಂತಿತು.

ಸ್ವಲ್ಪ ಸ್ವಲ್ಪವಾಗಿ ನಿಂತಿದ್ದರೆ ಯಾರಾದರೂ ವಾದ ಮಾಡಬಹುದಿತ್ತು. ನಲ್ಲಿ ತಿರುಗಿಸಿದ ಹಾಗೆ ನಿಂತಿತು. ಸೂರ್ಯ ಬೇರೆ ಬಂದ, ನಾಚಿಕೆಯಿಲ್ಲದವನು. ಕಪ್ಪು ಕೋಟಿನಲ್ಲಿ ಬಿಸಿಲಿಗೆ ಫಳಫಳ ಹೊಳೆಯುತ್ತಾ ಇಡೀ ಬೀದಿಯ ಮುಂದೆ ಮನೆಯೊಳಗೆ ಹೋದೆ. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. “ಬಂದಿದ್ ಮಳೇನ ಕೊಂದ್ಬುಟ್ಟು ಬಂದ್ಯಲ್ಲೇ” ಅಂದರು. ಯಜಮಾನರು ಕೋಟು ಇಸಿದುಕೊಂಡು, ಒರೆಸಿ, ಮಡಚಿ, ಟ್ರಂಕಿನ ತಳಕ್ಕೆ ಹಾಕಿದರು. ಮಡಚುವುದನ್ನು ಅಷ್ಟು ಹೊತ್ತಿಗೆ ಪೂರ್ತಿ ಕಲಿತುಬಿಟ್ಟಿದ್ದರು.

ಕಡ್ಲೆಕಾಯಿ ಆ ಒಂದು ಮಳೆಗೇ ಹೇಗೋ ಕಾಯಿ ಕಟ್ಟಿಕೊಂಡಿತು. ಅದರ ಪುಣ್ಯವನ್ನು ಗುಡಿಯ ಅಮ್ಮನಿಗೆ ಕೊಟ್ಟರು, ನಿಂತ ಪಾಪವನ್ನು ನನಗೆ ಕೊಟ್ಟರು. ಆಮೇಲೆ ತುಂತುರು ಹನಿ ಬಿದ್ದ ಒಂದೆರಡು ದಿನವೂ ನಾನು ಗೊಬ್ಬರದ ಚೀಲ ಹಾಕಿಕೊಂಡೇ ಡೈರಿಗೆ ಹೋದೆ. ಬೇರೆ ದಾರಿ ಇರಲಿಲ್ಲ. ನಾನು ಕೋಟು ಹಾಕಿಕೊಂಡರೆ ಸೊಸೆಯನ್ನೂ ನಲ್ಲಿ ಹತ್ತಿರ ಅಂದಾಡುತ್ತಾರೆ, ಅವಳಾಗ ಬಸುರಿ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಟ್ರಂಕು ತೆಗೆದು, ಉರಿಬಿಸಿಲಿನಲ್ಲಿ ಅಡುಗೆಮನೆಯಲ್ಲಿ ನಿಂತು ಕೋಟು ಹಾಕಿಕೊಂಡೆ. ಬೆವರು ಇಳಿಯಿತು. ಜೇಬಿನಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ನಿಂತೆ. ಅತ್ತೆ ಹಿತ್ತಲಿಂದ ಬಂದು ನೋಡಿ, “ಒಲೆ ಮೇಲೂ ಮಳೆ ಬತ್ತೈತಾ?” ಅಂದು ಹಾಗೇ ಹೋದರು. ಅವರು ಊರಿಗೆ ಹೇಳದ ಒಂದೇ ವಿಷಯ ಅದು.

ಸ್ವಾತಿ ಮಳೆಯ ಹೊತ್ತಿಗೆ ಕಡ್ಲೆಕಾಯಿ ಗಿಡ ಕಿತ್ತು ಹೊಲದಲ್ಲಿ ಗುಡ್ಡೆ ಹಾಕಿದ್ದೆವು. ಆಗ ಜಡಿ ಹಿಡಿಯಿತು. ಸಮುದ್ರದಲ್ಲಿ ಏನೋ ಕುಸಿದಿದೆ ಅಂತ ಟಿವಿಯವರು ಹೇಳಿದರು. ಕುಸಿದದ್ದು ಅಲ್ಲಿ, ಬಿದ್ದದ್ದು ನಮ್ಮ ಹೊಲದ ಮೇಲೆ. ಕೇಳಿದಾಗ ಬರದ ಮಳೆ ಬೇಡ ಅಂದಾಗ ಬಂದು ಕೂತಿತು. ಗುಡ್ಡೆಯಲ್ಲಿ ನೀರು ಹೊಕ್ಕರೆ ಕಾಯಿ ಒಳಗೇ ಮೊಳಕೆ ಒಡೆಯುತ್ತೆ. ಯಜಮಾನರು ಸಿರಾಕ್ಕೆ ಹೋಗಿ ಟಾರ್ಪಾಲು ತಂದು ಹೊದಿಸಿದರು, ಗಾಳಿ ಅದನ್ನು ಪಕ್ಕದ ಹೊಲಕ್ಕೆ ಹೊದಿಸಿತು.

ಬೆಳಿಗ್ಗೆ ಗೌಡರು ನಮ್ಮ ಮನೆಗೆ ಬಂದರು. ಜಗಲಿ ಮೇಲೆ ಕೂತರು. ಕಾಫಿ ಕುಡಿದರು. ಹಸು ಹೇಗಿದೆ ಅಂದರು. ಸೊಸೆಗೆ ಎಷ್ಟನೇ ತಿಂಗಳು ಅಂದರು. ನಮ್ಮ ಗೋಡೆ ಚೆನ್ನಾಗಿದೆ ಅಂದರು. ನಾನು ಕಂಬಕ್ಕೊರಗಿ ಕೂತು ಕೇಳಿಸಿಕೊಂಡೆ.

“ಆ ಕೋಟು ಐತೇನಮ್ಮ?” ಅಂತ ಕೊನೆಗೆ ಬಂತು.

“ಯಾವ ಕೋಟು ಗೌಡ್ರೇ?”

“ಅದೇ… ನಿಮ್ಮಣ್ಣ ತಂದಿದ್ದು.”

“ಓ, ಆ ಎಮ್ಮೆ ಚರ್ಮನಾ? ಐತೆ. ಯಾಕೆ, ಪೂಜಾರಪ್ಪಂಗೆ ಬೇಕಂತಾ?”

ಗೌಡರು ಲೋಟದ ತಳ ನೋಡಿದರು. “ಒಸಿ ಹಾಕ್ಕೊಂಡು ಹೊಲದ ಕಡೆ ಓಡಾಡ್ಕೊಂಡು ಬತ್ತೀಯಾ ತಾಯಿ? ಕಾಯೆಲ್ಲ ಕೊಳ್ತೋಯ್ತದೆ.”

ಅಮ್ಮ ಹೋಗಿ ತಾಯಿ ಆಗಿದ್ದೆ. ನಾನು ಬಾಯಿ ತೆರೆಯುವ ಮುಂಚೆ ಒಳಗೆ ಟ್ರಂಕಿನ ಮುಚ್ಚಳ ಬಿದ್ದ ಸದ್ದು. ಅತ್ತೆ ತಾವೇ ಕೋಟು ತಂದರು, ಕೊಡವಿದರು, ಮಗುವಿಗೆ ಅಂಗಿ ತೊಡಿಸುವ ಹಾಗೆ ತೋಳು ಹಿಡಿದು ನಿಂತರು. “ಹೋಗವ್ವ, ನಮ್ ಹೊಲಕ್ಕೆ ಮೊದ್ಲು ಹೋಗು” ಅಂದರು. ಗೌಡರು ಮುಖ ಆಚೆ ತಿರುಗಿಸಿಕೊಂಡರು.

ಹೋದೆ. ಇಂಥ ಅವಕಾಶ ಯಾರಿಗೆ ಸಿಗುತ್ತೆ? ಊರಿಗೆ ಊರೇ ಬೇಡಿಕೊಂಡು ಒಬ್ಬಳಿಗೆ ಮಳೆಕೋಟು ಹಾಕಿಸಿ ಮಳೆಯಲ್ಲಿ ಕಳಿಸಿದೆ. ಅವಸರ ಮಾಡಲಿಲ್ಲ. ಬದುವಿನಿಂದ ಬದುವಿಗೆ, ಹೊಲದಿಂದ ಹೊಲಕ್ಕೆ. “ಅಕ್ಕ, ನಮ್ ಗುಡ್ಡೆ ಹತ್ರಾನೂ ಬಾ ಅಕ್ಕ” ಅಂತ ಡೈರಿಯಲ್ಲಿ ಕ್ಯಾನು ಜರುಗಿಸಿಕೊಂಡವರೇ ಕೂಗುತ್ತಿದ್ದರು. ಕೂಗಿದವರ ಹೊಲಕ್ಕೆಲ್ಲ ಹೋದೆ. ಟೋಪಿ ಮೇಲೆ ಮಳೆ ಸಣ್ಣಗೆ ಬೀಳುತ್ತಿತ್ತು. ಕೆಸರು ಬಿಟ್ಟರೆ ನನಗೆ ಒಂದು ಹನಿಯೂ ತಾಕಲಿಲ್ಲ. ಗೌಡರ ಹೊಲದಲ್ಲಿ ಸುಮ್ಮನೆ ಎರಡು ಸುತ್ತು ಹೆಚ್ಚಿಗೆ ಹಾಕಿದೆ.

ಮಳೆ ನಿಲ್ಲಲಿಲ್ಲ. ಮಾರನೇ ದಿನವೂ ಕಳಿಸಿದರು. ಅವತ್ತು ಇನ್ನೂ ಜೋರಾಯಿತು. ಅದರ ಮಾರನೇ ದಿನ ಪೂಜಾರಪ್ಪ ಕೋಟಿಗೆ ಒಂದು ನಿಂಬೆಹಣ್ಣು ನಿವಾಳಿಸಿ ಕಳಿಸಿದ. ಕೆರೆ ಕೋಡಿ ಬೀಳುವ ಹಾಗಾಯಿತು. ನಮ್ಮ ಗುಡ್ಡೆಯಲ್ಲೂ ಅರ್ಧಕ್ಕರ್ಧ ಕಾಯಿ ಮೊಳಕೆ ಒಡೆಯಿತು. ಅದರಲ್ಲಿ ನಗುವಂಥದ್ದೇನಿಲ್ಲ. ಮೊಳಕೆ ಬಂದದ್ದನ್ನು ಬೇಯಿಸಿ ನಾವೂ ತಿಂದೆವು, ಹಸುವೂ ತಿಂತು, ಆ ವರ್ಷ ಎಣ್ಣೆಗೆ ಹಾಕಲು ಏನೂ ಉಳಿಯಲಿಲ್ಲ.

ಕಟ್ಟೆ ಮೇಲೆ ಮತ್ತೆ ಮಾತಾಯಿತು. ಈ ಸಾರಿ ನನ್ನನ್ನು ಕರೆಯಲಿಲ್ಲ, ಯಜಮಾನರು ಬಂದು ಹೇಳಿದರು. ಕೋಟಿನ ಪವರು ಹೋಗಿದೆ ಅಂತ ತೀರ್ಮಾನವಂತೆ. ಅವತ್ತು ಮರದಡಿ ಮಡಿ ಇಲ್ಲದೆ ಬಿಚ್ಚಿಸಿದೆನಲ್ಲ, ಅದಕ್ಕೇ ಹೋಯಿತು ಅಂತ ಪೂಜಾರಪ್ಪ ಹೇಳಿದನಂತೆ. “ಇನ್ ಅದೊಂದು ಬರೀ ಬಟ್ಟೆ ಅಂದ್ಬುಟ್ರು ಗೌಡ್ರು” ಅಂತ ಯಜಮಾನರು ಸ್ವಲ್ಪ ಬೇಜಾರಿನಲ್ಲೇ ಹೇಳಿದರು. ಮನೆಯಲ್ಲಿ ಒಂದು ಪವರಿರುವ ವಸ್ತು ಇತ್ತು ಅನ್ನುವುದು ಅವರಿಗೂ ಒಳಗೊಳಗೇ ಹಿಡಿಸಿತ್ತು.

ಬರೀ ಬಟ್ಟೆ. ಎಷ್ಟು ಚೆಂದದ ಮಾತು.

ಮಾರನೇ ಬೆಳಿಗ್ಗೆಯೂ ಜಡಿ ಬಿಟ್ಟಿರಲಿಲ್ಲ. ಕೋಟು ಹಾಕಿಕೊಂಡು ಡೈರಿಗೆ ಹೋದೆ. ಕ್ಯಾನುಗಳು ಇದ್ದಲ್ಲೇ ಇದ್ದವು. ಯಾರೂ ಆಕಾಶ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಒಬ್ಬಳು ಮಾತ್ರ “ಇಂಥದ್ದು ಎಲ್ಲಿ ಸಿಗ್ತೈತಕ್ಕ?” ಅಂತ ಕೇಳಿದಳು. ಪಾವಗಡದಲ್ಲಿ, ಅಂದೆ. ಬರುವಾಗ ನೇರ ದಾರಿ ಬಿಟ್ಟು ಕೆರೆ ಏರಿ ಮೇಲಿಂದ ಸುತ್ತಿಕೊಂಡು ಬಂದೆ. ಮನೆ ಸೇರುವಷ್ಟರಲ್ಲಿ ಒಲೆ ಮೇಲೆ ಸಾರು ಕುದಿಯುತ್ತಿತ್ತು.

“ಯಾಕೆ ಇಷ್ಟೊತ್ತು?” ಅಂದರು ಅತ್ತೆ.

“ಮಳೆ ಅಲ್ವಾ” ಅಂದೆ.